ಗಂಜಿನಲ್ಲಿ ನನ್ನ ಹೆಸರು ಸವಾ ಕಿಲೋ

ಕಲಬುರಗಿಯ ಕಾಳುಕಡಿಯ ಪೇಟೆ ನೆಹರು ಗಂಜಿನಲ್ಲಿ ನನ್ನ ಹೆಸರು ಹಿಡಿದು ವಿಚಾರಿಸಿದರೆ ನಾನು ಸಿಗುವುದಿಲ್ಲ. 'ಸವಾ ಕಿಲೋ ಎಲ್ಲಿದ್ದಾನೆ' ಅಂತ ಕೇಳಿ, ಚಹಾ ಕೊಡುವ ಹುಡುಗ ಕೂಡ ಗುರುತು ಹೇಳುತ್ತಾನೆ. ನಾನು ಗಂಜು ಬಿಟ್ಟು ಏಳೆಂಟು ವರ್ಷವಾಯಿತು, ಆದರೂ ಆ ಹೆಸರು ಅಲ್ಲೇ ಇದೆ.

ಆ ಹೆಸರು ಹೇಗೆ ಬಂತು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಒಂದು ಅಡತಿ (ದಲಾಲಿ) ಅಂಗಡಿಯಲ್ಲಿ ತೂಕದ ಗುಮಾಸ್ತನಾಗಿದ್ದೆ. ರೈತರು ತೊಗರಿ ತರುತ್ತಾರೆ. ಐವತ್ತು ಕಿಲೋದ ಗೋಣಿಚೀಲ. ಕಾಟಾದ ಮೇಲೆ ಇಟ್ಟು ತೂಗಿದಾಗ ಚೀಲದ ತೂಕ ಕಳೆಯಬೇಕು, ಅದು ನ್ಯಾಯ. ಖಾಲಿ ಗೋಣಿಚೀಲ ಸುಮಾರು 600 ಗ್ರಾಂ ಬರುತ್ತದೆ. ನಾನು ಕಳೆಯುತ್ತಿದ್ದದ್ದು ಒಂದೂ ಕಾಲು ಕಿಲೋ. 'ಚೀಲ, ಮಣ್ಣು, ಕಸ, ಎಲ್ಲಾ ಸೇರಿ ಸವಾ ಕಿಲೋ' ಅಂತ ಜೋರಾಗಿ ಕೂಗುತ್ತಿದ್ದೆ. ದನಿ ದೊಡ್ಡದಿದ್ದರೆ ರೈತ ಜಾಸ್ತಿ ಕೇಳುವುದಿಲ್ಲ. ಒಂದು ಚೀಲಕ್ಕೆ 650 ಗ್ರಾಂ ತೊಗರಿ ಸುಮ್ನೆ ಉಳಿಯಿತು. ಸುಗ್ಗಿಯ ದಿನಗಳಲ್ಲಿ ಸಂಜೆ ಹೊತ್ತಿಗೆ ಅದೇ ಎರಡು ಮೂರು ಚೀಲವಾಗುತ್ತಿತ್ತು. ಮುಕ್ಕಾಲು ಭಾಗಕ್ಕೂ ಮೇಲೆ ಅಂಗಡಿಗೆ. ಚೂರುಪಾರು ನನಗೆ.

ಹಮಾಲರು ಇಟ್ಟ ಹೆಸರು ಅದು. ಮೊದಲು ತಮಾಷೆ. ಆಮೇಲೆ ನಾನೂ ಅದಕ್ಕೆ ಓಗೊಡತೊಡಗಿದೆ. ಫೋನಿನಲ್ಲಿ ಕೂಡ 'ಹಾಂ, ಸವಾ ಕಿಲೋ ಮಾತಾಡ್ತೀನಿ' ಅಂದುಬಿಟ್ಟಿದ್ದೇನೆ ಒಂದೆರಡು ಸಲ.

ನನಗೆ ಹೆಸರು ಕಡಿಮೆ ಇದ್ದವು ಅಂತಲ್ಲ. ನಾನು ಹುಟ್ಟಿದ್ದು ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯ ಒಂದು ಹಳ್ಳಿಯಲ್ಲಿ. ನಮ್ಮ ಮುತ್ಯಾನ ಕಾಲಕ್ಕೆ ನಮ್ಮ ಓಣಿಯವರು ಮನೆಮನೆಯೇ ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾಗಿದ್ದರು. ಅಮೆರಿಕದ ಮೆಥಡಿಸ್ಟ್ ಮಿಷನರಿಗಳ ಕೆಲಸ ಅದು. ಹಾಗಾಗಿ ನಾನು ಮತ ಬದಲಿಸಿದವನಲ್ಲ, ಹುಟ್ಟಿನಿಂದಲೇ ಮೆಥಡಿಸ್ಟ್. ಆರು ತಿಂಗಳ ಕೂಸಿದ್ದಾಗ ಅಯ್ಯನವರು, ಅಂದರೆ ನಮ್ಮ ಪಾದ್ರಿ, ತಲೆಗೆ ನೀರು ಹಾಕಿ, ಬೈಬಲಿನ ಒಬ್ಬ ಪ್ರವಾದಿಯ ಹೆಸರು ಇಟ್ಟರು. ಮುಂದೆ ಶಾಲೆಗೆ ಹಾಕುವಾಗ ಮೇಷ್ಟ್ರಿಗೆ ಆ ಹೆಸರು ಬರೆಯಲು ಬರಲಿಲ್ಲವೋ, ಬೇಡವೆನಿಸಿತೋ, ರಿಜಿಸ್ಟರಿನಲ್ಲಿ ಬೇರೆಯದೇ ಒಂದು ಹೆಸರು ಬಿತ್ತು. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿ ಬಂದ. ಹಾಗೆ ಚರ್ಚಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಗಂಜಿನಲ್ಲಿ ಒಂದು. ನಮ್ಮ ಭಾಗದ ಕ್ರೈಸ್ತರಿಗೆ ಇದು ಹೊಸ ವಿಷಯವೇನಲ್ಲ.

ಊರಿಗೂ ಹೀಗೇ ಆಗಿದೆಯಲ್ವಾ? 2014ರ ನವೆಂಬರ್ 1ಕ್ಕೆ ಗುಲಬರ್ಗಾ ಹೋಗಿ ಕಲಬುರಗಿ ಬಂತು. ಬಸ್ಸಿನ ಬೋರ್ಡ್ ಬದಲಾಯಿತು, ಅಂಗಡಿಗಳ ಬೋರ್ಡ್ ಬದಲಾಯಿತು. ಗಂಜಿನಲ್ಲಿ ಇವತ್ತಿಗೂ 'ಗುಲಬರ್ಗಾ ಮಾಲು' ಅಂತಲೇ ಕೂಗುತ್ತಾರೆ. ಬೋರ್ಡ್ ಬರೆಸಲು ಒಂದು ದಿನ ಸಾಕು, ಬಾಯಿ ತಿರುಗಲು ವರ್ಷಗಳು ಬೇಕು. ನನ್ನ ವಿಷಯದಲ್ಲಿ ನಾನು ಬೋರ್ಡಿನಿಂದ ಶುರುಮಾಡಿ ಕೆಟ್ಟೆ. ಅದನ್ನು ಮುಂದೆ ಹೇಳುತ್ತೇನೆ.

2017ರ ಜನವರಿ. ಹಿಂದಿನ ವರ್ಷಗಳಲ್ಲಿ ಬೇಳೆಯ ರೇಟು ಮುಗಿಲಿಗೆ ಹೋಗಿತ್ತು, ಹಾಗಾಗಿ ಎಲ್ಲರೂ ತೊಗರಿಯನ್ನೇ ಬಿತ್ತಿದ್ದರು. ಮಳೆಯೂ ಚೆನ್ನಾಗಿ ಆಯಿತು. ಮಾಲು ಬಂದು ಬಿತ್ತು ನೋಡಿ, ಗಂಜಿನಲ್ಲಿ ಕಾಲಿಡಲು ಜಾಗವಿಲ್ಲ. ಕೇಂದ್ರ ಸರ್ಕಾರದ ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲಿಗೆ 5,050 ರೂಪಾಯಿ ಇತ್ತು. ಖರೀದಿ ಕೇಂದ್ರದ ಮುಂದೆ ಸರದಿ ಕಾಯಲಾಗದವರು ಅದಕ್ಕಿಂತ ಕಡಿಮೆಗೆ ಅಡತಿಯಲ್ಲಿ ಮಾರಿ ಹೋಗುತ್ತಿದ್ದರು.

ಹಾಗೆ ಬಂದವನು ಒಬ್ಬ ಮುದುಕ. ಎಂಟು ಚೀಲ ತೊಗರಿ. ಚೀಲದ ಬಾಯಿಯನ್ನು ಸುತಳಿಯಿಂದ ಎಷ್ಟು ಬಿಗಿಯಾಗಿ ಹೊಲಿದಿದ್ದ ಅಂದರೆ, ಒಂದು ಕಾಳು ಹೊರಗೆ ಬೀಳದ ಹಾಗೆ. ದಾರಿಯಲ್ಲಿ ಒಂದು ಚೀಲದ ಮೂಲೆ ಹರಿದಿತ್ತು. ಅಲ್ಲಿಗೆ ತನ್ನ ರುಮಾಲಿನ ತುದಿ ಹರಿದು ತುರುಕಿದ್ದ. ನಾನು ತೂಗಿದೆ. ಎಂಟು ಸಲ ಸವಾ ಕಿಲೋ ಕೂಗಿದೆ. 5 ಕಿಲೋ 200 ಗ್ರಾಂ ಹೋಯಿತು. ಮುದುಕ ಬಾಯಿ ಬಿಡಲಿಲ್ಲ. ಚೀಟಿ ಕೊಟ್ಟೆ. ಅದನ್ನು ಹಿಡಿದುಕೊಂಡು ಅಲ್ಲೇ ನಿಂತ.

'ತಮ್ಮಾ, ನಿನ್ನ ಹೆಸರೇನಪಾ?'

'ಯಾಕ ಮುತ್ಯಾ?'

'ಚೀಟಿ ಮ್ಯಾಲ ಬರಿ. ಯಾರು ತೂಗಿದ್ರು ಅಂತ ಮನ್ಯಾಗ ಕೇಳ್ತಾರ.'

ಪಕ್ಕದ ಹಮಾಲ ನಕ್ಕು, 'ಸವಾ ಕಿಲೋ ಅಂತ ಬರಿ' ಅಂದ. ಎಲ್ಲರೂ ನಕ್ಕರು. ಮುದುಕ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ನನ್ನ ಮುಖ ನೋಡುತ್ತಾ ನಿಂತಿದ್ದ. ನಾನು ಪೆನ್ನು ಹಿಡಿದೆ. ಯಾವ ಹೆಸರು ಬರೆಯಲಿ? ಪ್ರವಾದಿಯ ಹೆಸರು ಬರೆಯಲು ಕೈ ಬರಲಿಲ್ಲ. ಶಾಲೆಯ ಹೆಸರು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ಗೀಚಿದ ಹಾಗೆ ಒಂದು ಸಹಿ ಎಳೆದು ಕೊಟ್ಟೆ. ಅದರಲ್ಲಿ ಒಂದು ಅಕ್ಷರವೂ ಓದಲು ಬರುವಂತಿರಲಿಲ್ಲ.

ಅವತ್ತೇ ನಾನು ಬದಲಾದೆ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಅಂಥದ್ದೇನೂ ಆಗಲಿಲ್ಲ. ಮರುದಿನ ಅದೇ ಕಾಟಾ, ಅದೇ ಕೂಗು.

ಮೇ ತಿಂಗಳಲ್ಲಿ ಚರ್ಚಿನಲ್ಲಿ ಮಕ್ಕಳಿಗೆ ರಜೆಯ ಬೈಬಲ್ ಶಾಲೆ ಇರುತ್ತದೆ. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಲೂಕನ ಸುವಾರ್ತೆಯ 19ನೇ ಅಧ್ಯಾಯ, ಜಕ್ಕಾಯನ ಕಥೆ, ನಾಟಕ ಮಾಡುತ್ತಿದ್ದರು. ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜಕ್ಕಾಯ ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ. ರೊಕ್ಕಸ್ಥ. ಗಿಡ್ಡ. ಯೇಸುಸ್ವಾಮಿ ಆ ದಾರಿಯಲ್ಲಿ ಬರುತ್ತಾರೆಂದು ಕೇಳಿ, ಜನರ ಗದ್ದಲದಲ್ಲಿ ಕಾಣಿಸದೆ, ಅತ್ತಿಯ ಜಾತಿಯ ಒಂದು ಮರ ಹತ್ತಿ ಕೂರುತ್ತಾನೆ. ಯೇಸು ಮರದ ಕೆಳಗೆ ನಿಂತು, ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲೇ ನನ್ನ ವಸ್ತಿ ಅನ್ನುತ್ತಾರೆ. ಜನ ಗೊಣಗುತ್ತಾರೆ, ಪಾಪಿಯ ಮನೆಗೆ ಹೋದನಲ್ಲಾ ಅಂತ. ಜಕ್ಕಾಯ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತಗೊಂಡಿದ್ದರೆ ನಾಲ್ಕು ಪಟ್ಟು ವಾಪಸ್ ಅಂತ ಹೇಳುತ್ತಾನೆ.

ಮಗಳು ಮನೆಯಲ್ಲಿ ಮಾತು ಬಾಯಿಪಾಠ ಮಾಡುತ್ತಿದ್ದಳು. ನಾನು ಊಟಕ್ಕೆ ಕೂತಿದ್ದೆ. 'ಅಪ್ಪಾ, ಸವಾ ಕಿಲೋಕ್ಕ ನಾಲ್ಕು ಪಟ್ಟು ಅಂದ್ರ ಎಷ್ಟು?'

ಐದು ಕಿಲೋ. ಆ ಲೆಕ್ಕ ಕಷ್ಟದ್ದೇನಲ್ಲ. ಆದರೆ ಮಗಳಿಗೆ ಆ ಹೆಸರು ಗೊತ್ತಿದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಅವಳು ಚುಚ್ಚಲು ಕೇಳಿದ್ದಲ್ಲ. ಅವಳಿಗೆ ಅದು ಅಪ್ಪನ ಹೆಸರು, ಅಷ್ಟೇ. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಇನ್ನು ನಾನು ಮಾಡಿದ ತಪ್ಪುಗಳು. ಇವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಚರ್ಚಿನಲ್ಲಿ ಸಾಕ್ಷಿ, ಅಂದರೆ ತಾವು ಬದಲಾದ ಕಥೆ, ಹೇಳುವವರು ಸಾಮಾನ್ಯವಾಗಿ ಈ ಭಾಗವನ್ನು ಹಾರಿಸಿಬಿಡುತ್ತಾರೆ.

ಮೊದಲು ಮಾಡಿದ್ದು, ಒಂದು ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದು. 'ನಾನು ಪಾಪಿಯಾಗಿದ್ದೆ, ಈಗ ಹೊಸ ಮನುಷ್ಯ' ಅಂತ ಅತ್ತೆ. ಎಲ್ಲರೂ 'ಸ್ತೋತ್ರ, ಸ್ತೋತ್ರ' ಅಂದರು. ಹೆಂಗಸರು ಕಣ್ಣೊರೆಸಿಕೊಂಡರು. ಮನೆಗೆ ಬರುವಾಗ ಮೈ ಹಗುರ. ಸೋಮವಾರ ಕಾಟಾದ ಮುಂದೆ ಕೂತೆ, ಬಾಯಿಂದ ತಾನಾಗಿಯೇ ಸವಾ ಕಿಲೋ ಬಂತು. ಅತ್ತದ್ದು ಸುಳ್ಳಲ್ಲ. ಆದರೆ ಕಣ್ಣೀರು ಬಂದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಎಷ್ಟು ಕಳೆದೆ, ಯಾರ ಹತ್ತಿರ ಕಳೆದೆ ಅನ್ನೋದನ್ನು ಆ ಸಾಕ್ಷಿಯಲ್ಲಿ ನಾನು ಬಾಯಿಬಿಟ್ಟಿರಲಿಲ್ಲ.

ಆಮೇಲೆ ಹೆಸರಿಗೆ ಕೈ ಹಾಕಿದೆ. ಇನ್ನು ಮೇಲೆ ನನ್ನನ್ನು ಚರ್ಚಿನ ಹೆಸರಿನಿಂದಲೇ ಕರೆಯಬೇಕು ಅಂತ ಹಮಾಲರಿಗೆ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. ಒಬ್ಬನ ಕೊರಳಪಟ್ಟಿ ಹಿಡಿದೆ. ಸ್ಕೂಟರಿನ ಮುಂದೆ ಬೈಬಲಿನ ವಾಕ್ಯ ಬರೆಸಿದೆ, ಫೋನಿಗೆ ಕ್ರಿಸ್ತನ ಹಾಡು ಹಾಕಿಸಿದೆ. ಇದೇ ನಾನು ಹೇಳಿದ ಬೋರ್ಡಿನ ಕೆಲಸ. ಅಂಗಡಿಯ ಗೋಡೆಗೆ ಬಸವಣ್ಣನವರ ಫೋಟೊ ಇತ್ತು, ದಿನಾ ಹೂವಿನ ಹಾರ ಬೀಳುತ್ತಿತ್ತು, ಅದರ ಕೆಳಗೇ ನಮ್ಮ ಕಾಟಾ. ಸಾವುಕಾರರನ್ನು ನೋಡಿ ಒಳಗೊಳಗೇ ನಗುತ್ತಿದ್ದವನು ನಾನು. ಈಗ ನನ್ನ ಸ್ಕೂಟರಿನದ್ದೂ ಅದೇ ಕಥೆ.

ಅಲ್ಲಿ ನನಗೆ ಬುದ್ಧಿ ಹೇಳಿದವರು ಒಬ್ಬ ಸಾಬರು, ವಯಸ್ಸಾದ ಹಮಾಲ. ಅವರು ಎಂದೂ ನನ್ನನ್ನು ಸವಾ ಕಿಲೋ ಅಂತ ಕರೆದವರಲ್ಲ, 'ಬೇಟಾ' ಅನ್ನುತ್ತಿದ್ದರು. ಕುರಾನಿನಲ್ಲಿ ಒಂದು ಅಧ್ಯಾಯ ಶುರುವಾಗುವುದೇ ತೂಕದಲ್ಲಿ ಮೋಸ ಮಾಡುವವರಿಗೆ ಕೇಡು ಅಂತ, ಗೊತ್ತಾ ಅಂದರು. 83ನೇದು ಅದು, ಆಮೇಲೆ ಹುಡುಕಿ ನೋಡಿದೆ. ನಮ್ಮ ಬೈಬಲಿನ ಜ್ಞಾನೋಕ್ತಿಗಳಲ್ಲೂ 11ನೇ ಅಧ್ಯಾಯದ ಮೊದಲ ಮಾತೇ ಮೋಸದ ತಕ್ಕಡಿಯ ಬಗ್ಗೆ. ನಾನು ಭಾನುವಾರ ಭಾನುವಾರ ಕೇಳಿ ಬೆಳೆದವನು, ಆ ಮಾತನ್ನು ನೆನಪಿಸಲು ದರ್ಗಾಕ್ಕೆ ಹೋಗುವ ಮನುಷ್ಯ ಬೇಕಾಯಿತು. ಸರಿಯಾಗಿ ತೂಗಲು ಕ್ರೈಸ್ತನೇ ಆಗಬೇಕೆಂದಿಲ್ಲ, ಅದು ಅವತ್ತೇ ಸ್ಪಷ್ಟವಾಯಿತು. ಹಾಗಾದರೆ ನನ್ನ ನಂಬಿಕೆ ನನಗೆ ಏನು ಕೊಟ್ಟಿತು ಅನ್ನೋ ಪ್ರಶ್ನೆ ಹುಟ್ಟಿದ್ದೂ ಅಲ್ಲೇ.

ಅದಕ್ಕೆ ಉತ್ತರ ಸಿಕ್ಕಿದ್ದು ನಿವೃತ್ತಿಯಾದ ಒಬ್ಬ ಅಯ್ಯನವರ ಮನೆಯಲ್ಲಿ. ಜೇವರ್ಗಿ ರಸ್ತೆಯ ಕಡೆ ಎರಡು ಕೋಣೆಯ ಬಾಡಿಗೆ ಮನೆ. ಪ್ರಾರ್ಥನೆ ಮಾಡಿಸಿಕೊಂಡು ಬರೋಣ ಅಂತ ಹೋದವನು ನಾನು. ಅವರು ಪ್ರಾರ್ಥನೆ ಮಾಡಲಿಲ್ಲ, ಕಥೆ ಹೇಳಿದರು. ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿ 1728ರಲ್ಲೇ ಇಂಗ್ಲೆಂಡಿನಲ್ಲಿ ಪಾದ್ರಿಯಾದವರು. ಉಪವಾಸ, ಓದು, ಜೈಲಿನಲ್ಲಿದ್ದವರ ಭೇಟಿ, ಎಲ್ಲವನ್ನೂ ವೇಳಾಪಟ್ಟಿ ಹಾಕಿ ಮಾಡುತ್ತಿದ್ದರು. ಆದರೂ ಒಳಗೆ ಸಮಾಧಾನವಿಲ್ಲ. ಹತ್ತು ವರ್ಷದ ನಂತರ, 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋದರು. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆ ಇದೆಯಲ್ಲ, ಅದಕ್ಕೆ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಅಲ್ಲಿ ಯಾರೋ ಓದುತ್ತಿದ್ದರು. ಆಗ ಅವರ ಎದೆ ಬೆಚ್ಚಗಾಯಿತಂತೆ.

'ಪಾದ್ರಿ ಆಗಿ ಹತ್ತು ವರ್ಷ ಆದ ಮ್ಯಾಲ' ಅಂದರು ಅಯ್ಯನವರು. 'ನಿನಗ ನಲವತ್ತೊಂದು. ಏನೂ ತಡ ಆಗಿಲ್ಲ. ಮತ್ತ ಮೆಥಡಿಸ್ಟ್ ಅನ್ನೋದೂ ಅಡ್ಡಹೆಸರೇ, ತಿಳೀತೇನು? ಎಲ್ಲಾ ಪದ್ಧತಿ ಪ್ರಕಾರ ಮಾಡ್ತಾರ ಅಂತ ಆಕ್ಸ್‌ಫರ್ಡಿನ ಹುಡುಗರು ಚಾಷ್ಟಿಗೆ ಇಟ್ಟದ್ದು. ಕ್ರೈಸ್ತರು ಅನ್ನೋ ಹೆಸರೂ ನಾವು ಇಟ್ಕೊಂಡದ್ದಲ್ಲ, ಅಂತಿಯೋಕ್ಯ ಅನ್ನೋ ಊರಿನ ಮಂದಿ ಕರದದ್ದು. ಅಡ್ಡಹೆಸರಿಗೆ ಯಾಕ ಅಂಜ್ತಿ?'

ಆಮೇಲೆ ಜಕ್ಕಾಯನ ಕಥೆಯನ್ನು ನನ್ನ ಕೈಯಲ್ಲೇ ಓದಿಸಿದರು. ಹತ್ತು ವಾಕ್ಯ. ಓದಿ ಮುಗಿಸಿದೆ.

'ಯೇಸುಸ್ವಾಮಿ ಅವನ ಹೆಸರು ಹಿಡಿದು ಕರದದ್ದು ಯಾವಾಗ? ರೊಕ್ಕ ವಾಪಸ್ ಕೊಟ್ಟ ಮ್ಯಾಲೋ, ಮೊದಲೋ?'

ಮೊದಲು. ಮರದ ಮೇಲಿದ್ದಾಗಲೇ. ಊಟಕ್ಕೂ ಮೊದಲು, ಲೆಕ್ಕಕ್ಕೂ ಮೊದಲು. ಊರೆಲ್ಲಾ ಪಾಪಿ ಅನ್ನುವಾಗ ಒಬ್ಬರು ಹೆಸರು ಹಿಡಿದು ಕರೆದರು. ಲೆಕ್ಕ ಆಮೇಲೆ ತಾನಾಗಿಯೇ ಬಂತು.

ನಾನು ಇಷ್ಟು ದಿನ ತಿರುಗಾಮುರುಗಾ ಹಿಡಿದಿದ್ದೆ. ಮೊದಲು ನಾನು ಶುದ್ಧ ಆಗಬೇಕು, ಎಲ್ಲರ ಬಾಯಿಂದ ಆ ಹೆಸರು ಹೋಗಬೇಕು, ಆಮೇಲೆ ದೇವರು ನನ್ನನ್ನು ಮಗನೇ ಅನ್ನುತ್ತಾನೆ ಅಂದುಕೊಂಡಿದ್ದೆ. ಅಯ್ಯನವರು ನನ್ನ ದೀಕ್ಷಾಸ್ನಾನವನ್ನು ನೆನಪಿಸಿದರು. ಆರು ತಿಂಗಳ ಕೂಸು. ಒಳ್ಳೆಯದೂ ಮಾಡಿಲ್ಲ, ಕೆಟ್ಟದ್ದೂ ಮಾಡಿಲ್ಲ. ಬಹುಶಃ ಅಳುತ್ತಿತ್ತು, ಅಷ್ಟೇ. ಅವತ್ತೇ ಹೆಸರು ಹಿಡಿದು ಕರೆದಾಗಿತ್ತು. ನಾನು ಹೊಸ ಹೆಸರು ಹುಡುಕಬೇಕಾಗಿಯೇ ಇರಲಿಲ್ಲ. ಹಳೆಯದಕ್ಕೆ ಓಗೊಡಬೇಕಿತ್ತು. ಇದನ್ನು ಈಗ ಒಂದು ಸಾಲಿನಲ್ಲಿ ಬರೆದೆ. ತಲೆಗೆ ಹೋಗಲು ಆರೇಳು ತಿಂಗಳು ಹಿಡಿಯಿತು.

ಮಂಗಳವಾರ ರಾತ್ರಿ ಎಂಟಕ್ಕೆ ಅವರ ಮನೆಯಲ್ಲಿ ಸೇರತೊಡಗಿದೆವು. ನಾನು, ಒಬ್ಬ ಆಟೋ ಓಡಿಸುವವನು, ಒಬ್ಬ ಆಸ್ಪತ್ರೆಯ ಕಂಪೌಂಡರ್. ವೆಸ್ಲಿಯ ಕಾಲದಲ್ಲಿ ಹತ್ತು ಹನ್ನೆರಡು ಜನರ ಗುಂಪು ವಾರಕ್ಕೊಮ್ಮೆ ಸೇರಿ ಒಬ್ಬರ ಆತ್ಮದ ಸ್ಥಿತಿಯನ್ನು ಇನ್ನೊಬ್ಬರು ವಿಚಾರಿಸುತ್ತಿದ್ದರು. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಶುರುವಾದ ಪದ್ಧತಿ. ಮಜಾ ಏನಂದರೆ, ಅದು ಮೊದಲು ಹುಟ್ಟಿದ್ದು ಕಟ್ಟಡದ ಸಾಲ ತೀರಿಸಲು ವಾರಕ್ಕೆ ಒಂದು ಪೆನ್ನಿ ವಸೂಲಿ ಮಾಡೋದಕ್ಕೆ. ರೊಕ್ಕ ಕೇಳಲು ಮನೆಮನೆಗೆ ಹೋದವರಿಗೆ ಮನೆಗಳ ಒಳಗಿನ ಕಥೆ ಗೊತ್ತಾಯಿತು. ನಮ್ಮದರಲ್ಲಿ ಹಾಡಿಲ್ಲ, ಭಾಷಣವಿಲ್ಲ. 'ಈ ವಾರ ಹೆಂಗಿದ್ದಿ?' ಇದೊಂದೇ ಪ್ರಶ್ನೆ. 'ದೇವರ ದಯೆಯಿಂದ ಚೆನ್ನಾಗಿದ್ದೀನಿ' ಅಂದರೆ ಅಯ್ಯನವರು ಒಪ್ಪುತ್ತಿರಲಿಲ್ಲ. 'ಎಷ್ಟು ಕಳದಿ? ಕಿಲೋದಾಗ ಹೇಳು.'

ಕಿಲೋದಲ್ಲಿ ಹೇಳತೊಡಗಿದ ಮೇಲೆ ಕಳೆಯೋದು ಕಷ್ಟವಾಯಿತು. ಯಾರಿಗಾದರೂ ಒಂದು ಸಲಹೆ ಕೊಡಬಹುದಾದರೆ ನಾನು ಇದನ್ನೇ ಕೊಡುತ್ತೇನೆ: ದೊಡ್ಡ ಸಭೆಯಲ್ಲಿ ಅಳಬೇಡಿ, ಮೂರು ಜನರ ಮುಂದೆ ಅಂಕಿ ಹೇಳಿ.

ಆ ವರ್ಷದ ಕೊನೆಗೆ ಹೊಸ ತೊಗರಿ ಬರಲು ಶುರುವಾದಾಗ, ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಒಂದು ಖಾಲಿ ಚೀಲ ಕಾಟಾದ ಮೇಲಿಟ್ಟೆ. 610 ಗ್ರಾಂ ತೋರಿಸಿತು. ಇನ್ನೊಂದು ಇಟ್ಟೆ, 590. ಸುಣ್ಣದಿಂದ ಗೋಡೆಯ ಮೇಲೆ 'ಚೀಲ 600' ಅಂತ ಬರೆದೆ. ಸಾವುಕಾರರು ಬಂದು ನೋಡಿದರು. ಕೂಗಾಡಲಿಲ್ಲ. ಮಧ್ಯಾಹ್ನ ಕರೆದು, 'ನೀ ದೊಡ್ಡ ಮನುಷ್ಯಾ ಆಗೀದಿ. ನಮ್ಮಂಥ ಸಣ್ಣ ಅಂಗಡ್ಯಾಗ ನಿನಗ ಜಾಗಾ ಸಾಲೂದಿಲ್ಲ' ಅಂದರು. ಹದಿನಾರು ವರ್ಷದ ಕೆಲಸ ಹೀಗೆ ಮುಗಿಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕಾಟಾದಿಂದ ನನ್ನ ಮನೆಯೂ ನಡೆದಿದೆ.

ಐದು ತಿಂಗಳು ಖಾಲಿ ಕೂತೆ. ಹೆಂಡತಿ ರವಿಕೆ ಹೊಲಿದು ಮನೆ ನಡೆಸಿದಳು. ಇಲ್ಲಿ ಅವಳ ಮಾತನ್ನೂ ಬರೆಯಬೇಕು. 'ನಿಮಗ ಹೊಸಾ ಜೀವನ ಸಿಕ್ಕದ ಖರೆ, ಬಾಡಿಗಿ ಮಾತ್ರ ಹಳೇದೇ ಅದ' ಅಂದಳು. ಅವಳು ನಂಬಿಕೆ ಕಡಿಮೆ ಇದ್ದವಳಲ್ಲ, ನನಗಿಂತ ಜಾಸ್ತಿ ಪ್ರಾರ್ಥನೆ ಮಾಡುವವಳು. ಆದರೆ ಹೊಸ ಮನುಷ್ಯ ಆಗೋದಕ್ಕೆ ಒಬ್ಬ ಹೊರಟರೆ, ಖರ್ಚು ಮನೆಯವರೆಲ್ಲರ ಮೇಲೆ ಬೀಳುತ್ತದೆ. ನಾನು ಅವಳನ್ನು ಕೇಳದೆ ಗೋಡೆಯ ಮೇಲೆ ಬರೆದೆ. ಅದು ತಪ್ಪು. ಕೇಳಿದ್ದರೂ ಅವಳು ಹೂಂ ಅನ್ನುತ್ತಿದ್ದಳೋ ಏನೋ, ಆದರೂ ಕೇಳಬೇಕಿತ್ತು.

ಆಮೇಲೆ ಕಪನೂರ್ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಎಣ್ಣೆ ಹಚ್ಚಿದ ತೊಗರಿಯನ್ನು ಅಂಗಳದಲ್ಲಿ ಒಣಹಾಕಿಸೋದು, ಗೋದಾಮಿನ ಲೆಕ್ಕ ಇಡೋದು, ದನಗಳಿಗೆ ಹೋಗುವ ಚುನಿಯ ಚೀಲ ಎಣಿಸೋದು. ಸಂಬಳ ಮೊದಲಿಗಿಂತ ಕಡಿಮೆ. ಅಲ್ಲಿ ಮೊದಲ ದಿನ ಹೆಸರು ಕೇಳಿದಾಗ ಪ್ರವಾದಿಯ ಹೆಸರು ಹೇಳಿದೆ. ಮ್ಯಾನೇಜರ್ ತಲೆ ಎತ್ತದೆ ಬರೆದುಕೊಂಡರು. ನಾನು ಇಷ್ಟು ವರ್ಷ ಅಂಜಿದ್ದು ಇದಕ್ಕಾ ಅನಿಸಿತು.

ಈಗ ವಾಪಸ್ ಕೊಟ್ಟ ವಿಷಯ. ನನ್ನ ಕೈಗೆ ಬಂದ ಚೂರುಪಾರು, ಹದಿನಾರು ಸುಗ್ಗಿಗೆ ಅಂದಾಜು 68,000 ರೂಪಾಯಿ. ನಾಲ್ಕು ಪಟ್ಟು ಅಂದರೆ ಹತ್ತಿರ ಹತ್ತಿರ ಎರಡೂ ಮುಕ್ಕಾಲು ಲಕ್ಷ ಆಗುತ್ತದೆ. ಅಯ್ಯನವರು ನಕ್ಕರು. 'ಜಕ್ಕಾಯ ರೊಕ್ಕಸ್ಥ ಇದ್ದ. ನೀ ಯಾಜಕಕಾಂಡ ನೋಡು' ಅಂದರು. ಬೈಬಲಿನ ಆ ಪುಸ್ತಕದ 6ನೇ ಅಧ್ಯಾಯದಲ್ಲಿ ಇದೆ: ಮೋಸದಿಂದ ತಗೊಂಡದ್ದನ್ನು ಪೂರಾ ಕೊಡಬೇಕು, ಅದರ ಮೇಲೆ ಐದನೇ ಒಂದು ಪಾಲು ಸೇರಿಸಬೇಕು, ಯಾರದ್ದೋ ಅವರಿಗೇ ಕೊಡಬೇಕು. ಈ ಲೆಕ್ಕ ನನ್ನ ಕೈಗೆ ಎಟುಕುವಂಥದ್ದು. 81,600. ಯಾರದ್ದೋ ಅವರಿಗೇ ಅನ್ನೋದು ಮಾತ್ರ ಕಷ್ಟ.

ನನ್ನ ಹತ್ತಿರ ಹಳೇ ಡೈರಿಗಳಿದ್ದವು. ಅದರಲ್ಲಿ ರೈತರ ಹೆಸರು, ಊರು, ಚೀಲದ ಲೆಕ್ಕ. ಓದಲು ಬಂದವು, ಊರು ಗೊತ್ತಿದ್ದವು ಆರಿಸಿದರೆ 31 ಹೆಸರು ಸಿಕ್ಕವು. ಅವರಿಗೆ ನನ್ನ ಪಾಲಷ್ಟೇ ಅಲ್ಲ, ಅವರು ಕಳಕೊಂಡದ್ದನ್ನು ಪೂರಾ ಕೊಡೋದು, ಐದನೇ ಒಂದು ಪಾಲು ಸೇರಿಸಿ. ಹೆಸರು ಸಿಗದವರ ಪಾಲಿನದ್ದನ್ನು ಚರ್ಚಿಗೆ ಕೊಡುತ್ತೇನೆ ಅಂದರೆ ಅಯ್ಯನವರು ಕೈ ಮುಗಿದು ಬೇಡ ಅಂದರು. 'ಗಂಜಿನಾಗಿಂದ ತಗೊಂಡದ್ದು ಗಂಜಿಗೇ ಹೋಗ್ಲಿ.' ಹಾಗಾಗಿ ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಗಂಜಿನ ಒಂದು ಬೇವಿನ ಮರದ ಕೆಳಗೆ ಅರವಟ್ಟಿಗೆ ಇಡಿಸುತ್ತೇನೆ. ಆರು ಮಣ್ಣಿನ ಕೊಡ, ನೀರು ತುಂಬುವ ಒಬ್ಬಳು ಅಜ್ಜಿಗೆ ಕೂಲಿ. ನಮ್ಮ ಊರಿನ ಬಿಸಿಲು ನಿಮಗೆ ಗೊತ್ತೇ ಇದೆ.

2018ರಿಂದ ಭಾನುವಾರ ಆರಾಧನೆ ಮುಗಿದ ಮೇಲೆ ಬಸ್ಸು ಹತ್ತುತ್ತಿದ್ದೆ. ಆಳಂದ, ಅಫಜಲಪುರ, ಚಿತ್ತಾಪುರ, ಸೇಡಂ. ಮೊದಲನೆಯ ಮನೆಯಲ್ಲಿ ದೊಡ್ಡ ತಪ್ಪು ಮಾಡಿದೆ. ಹೋದ ಕೂಡಲೇ 'ಯೇಸುಸ್ವಾಮಿ ನನ್ನ ಜೀವನ ಬದಲಾಯಿಸಿದರು' ಅಂತ ಶುರುಮಾಡಿದೆ. ಆ ಮನುಷ್ಯ ಎದ್ದು ನಿಂತ. 'ರೊಕ್ಕ ಕೊಟ್ಟು ಜಾತಿ ಕೆಡಸಾಕ ಬಂದೀಯೇನು?' ಓಣಿಯ ಜನ ಸೇರಿದರು. ಡೈರಿ ತೆಗೆದು ತೋರಿಸಿ, ಅವನ ಚೀಲದ ಲೆಕ್ಕ ಹೇಳಿ, ಹೇಗೋ ಪಾರಾದೆ. ಅವನ ಅನುಮಾನ ತಪ್ಪು ಅಂತ ನಾನು ಹೇಳಲಾರೆ. ಗುರುತಿಲ್ಲದವನು ಬಂದು ದುಡ್ಡು ಕೈಗಿಟ್ಟು ದೇವರ ಮಾತಾಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. 2022ರಲ್ಲಿ ರಾಜ್ಯದಲ್ಲಿ ಮತಾಂತರದ ಕಾಯ್ದೆ ಬಂದ ಮೇಲಂತೂ ಹೆಂಡತಿ ನನ್ನನ್ನು ಒಬ್ಬನೇ ಕಳಿಸುತ್ತಿರಲಿಲ್ಲ, ತಾನೂ ಬರುತ್ತಿದ್ದಳು.

ಆಮೇಲೆ ಒಂದು ನಿಯಮ ಮಾಡಿಕೊಂಡೆ. ಮೊದಲು ಚೀಲದ ಲೆಕ್ಕ, ಆಮೇಲೆ ತಪ್ಪಾಯಿತು ಅನ್ನೋ ಮಾತು, ಆಮೇಲೆ ರೊಕ್ಕ. ದೇವರ ಹೆಸರು ಅವರಾಗಿ ಕೇಳಿದರೆ ಮಾತ್ರ. ಹೆಚ್ಚಿನವರು ಕೇಳಲಿಲ್ಲ. ಒಬ್ಬರು ರೊಕ್ಕ ಎಣಿಸಿ, ಚಹಾ ಕುಡಿಸಿ, 'ಗೊತ್ತಿತ್ತು ಬಿಡು, ಎಲ್ಲಾ ಅಂಗಡ್ಯಾಗೂ ಇದೇ' ಅಂದರು. ಒಬ್ಬ ರೈತ ತೀರಿಹೋಗಿದ್ದ, ಅವನ ಹೆಂಡತಿ ನೋಟು ಹಿಡಿದು 'ಇಷ್ಟೇ ಏನು?' ಅಂದಳು. ಡೈರಿಯಲ್ಲಿದ್ದದ್ದು ಇಷ್ಟೇ ಅಂದೆ. 'ಡೈರ್‍ಯಾಗ ಇಲ್ಲದ್ದು?' ಅಂದಳು. ಜೇಬಿನಲ್ಲಿ ಬಸ್ಸಿನ ರೊಕ್ಕ ಬಿಟ್ಟು ಉಳಿದದ್ದು ಕೊಟ್ಟು ಬಂದೆ. ಇನ್ನೊಂದು ಕಡೆ ಮಗ ಬಾಗಿಲಲ್ಲೇ ಕೆನ್ನೆಗೆ ಹೊಡೆದ. ಆ ವರ್ಷ ಅವರಪ್ಪ ಸಾಲ ಮಾಡಿಕೊಂಡಿದ್ದನಂತೆ. ನನ್ನ ಎರಡು ಚೀಲದ ಕಳವಿಗೂ ಆ ಸಾಲಕ್ಕೂ ಸಂಬಂಧವಿಲ್ಲ ಅಂತ ಲೆಕ್ಕ ಹಾಕಿ ತೋರಿಸಬಹುದಿತ್ತು. ತೋರಿಸಲಿಲ್ಲ.

ಕೊರೊನಾ ಸಮಯದಲ್ಲಿ ಎಲ್ಲಾ ನಿಂತಿತು. ಆ ವರ್ಷಗಳ ಬಗ್ಗೆ ಬರೆಯಲು ಮನಸ್ಸಿಲ್ಲ, ನಮ್ಮ ಮಂಗಳವಾರದ ಅಯ್ಯನವರನ್ನು ಮಣ್ಣು ಮಾಡಿದ್ದು ಆಗಲೇ.

ನಡುವೆ ಮಗಳ ಕಾಲೇಜಿನ ಅರ್ಜಿ ಬಂತು. ಧರ್ಮ ಯಾವುದು, ಜಾತಿ ಯಾವುದು. ನಮ್ಮಲ್ಲಿ ಈ ಎರಡು ಖಾನೆಗಳ ಮುಂದೆ ಪೆನ್ನು ನಿಲ್ಲದ ಮನೆಯೇ ಇಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿಯ ಸೌಲಭ್ಯ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು. ಪರಿಶಿಷ್ಟ ಜಾತಿಯಿಂದ ಬಂದ ನಮ್ಮಂಥವರು ಕ್ರೈಸ್ತರು ಅಂತ ಬರೆದರೆ ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಬರುತ್ತೇವೆ. ಕೆಳಗೆ ಕೂರಿಸುವಾಗ ಯಾರೂ ನಮ್ಮ ಚರ್ಚು ಕೇಳಲಿಲ್ಲ, ಸೀಟು ಕೇಳುವಾಗ ಮಾತ್ರ ಕೇಳುತ್ತಾರೆ. ನನ್ನ ದೊಡ್ಡಪ್ಪನ ಮಗ ಬುದ್ಧನ ದಾರಿ ಹಿಡಿದಿದ್ದಾನೆ, ಸೇಡಂ ರಸ್ತೆಯ ಬುದ್ಧ ವಿಹಾರಕ್ಕೆ ಹೋಗುತ್ತಾನೆ. ಅವನ ಮಗನಿಗೆ ಸರ್ಟಿಫಿಕೇಟ್ ಸಿಗುತ್ತದೆ, ನನ್ನ ಮಗಳಿಗಿಲ್ಲ, ನನಗೂ ಅವನಿಗೂ ಮುತ್ಯಾ ಒಬ್ಬನೇ. ಬೇರೆ ಥರ ಬರೆಯುವವರನ್ನು ನಾನು ಹಳಿಯುವುದಿಲ್ಲ. ಹದಿನಾರು ವರ್ಷ ಸುಳ್ಳು ತೂಕ ಬರೆದ ಕೈ ನನ್ನದು. ಮಗಳನ್ನೇ ಕೇಳಿದೆ. ಅವಳು ಪೆನ್ನು ಇಸಿದುಕೊಂಡು 'ಕ್ರಿಶ್ಚಿಯನ್' ಅಂತ ಬರೆದಳು, ಬರೆದು, 'ಸೀಟು ಸಿಗಲಿಲ್ಲಂದ್ರ ಮನ್ಯಾಗ ಯಾರೂ ಅಳಬಾರದು' ಅಂದಳು. ಸಿಕ್ಕಿತು, ಎರಡನೇ ಪಟ್ಟಿಯಲ್ಲಿ.

31ರಲ್ಲಿ 24 ಮನೆ ಮುಗಿದಿವೆ. ಮೂರು ಮನೆಯವರು ಪುಣೆ, ಹೈದರಾಬಾದ್ ಕಡೆ ಗುಳೆ ಹೋಗಿದ್ದಾರೆ. ನಾಲ್ಕು ಉಳಿದಿವೆ. ಮಂಗಳವಾರದ ಕೂಟ ಈಗ ನಮ್ಮ ಮನೆಯಲ್ಲಿ ಸೇರುತ್ತದೆ. ಆಟೋದವನು ಬಿಟ್ಟುಹೋದ, ಹೊಸಬರು ಇಬ್ಬರು ಬಂದಿದ್ದಾರೆ. ಅದರಲ್ಲಿ ಒಬ್ಬ, 'ಅಣ್ಣಾ, ಇಷ್ಟೆಲ್ಲಾ ಆದ ಮ್ಯಾಲ ನಿಮಗ ಹಳೇ ಹೆಸರು ಕೇಳಿದ್ರ ಏನು ಅನಸ್ತದ?' ಅಂತ ಕೇಳಿದ. ಖರೆ ಹೇಳಬೇಕಂದರೆ, ಈಗಲೂ ತಿರುಗಿ ನೋಡುತ್ತೇನೆ. ಮೊದಲು ಅದೇ ನಾನು ಅಂದುಕೊಂಡು ತಿರುಗುತ್ತಿದ್ದೆ. ಈಗ ಹಳೇ ಬಾಡಿಗೆ ಮನೆಯ ಮುಂದೆ ಹಾದುಹೋಗುವಾಗ ಕತ್ತು ತಿರುಗುತ್ತದಲ್ಲ, ಹಾಗೆ. ಕೆಲವು ದಿನ ಅಷ್ಟು ಸುಲಭವಾಗಿರುವುದಿಲ್ಲ. ಆ ದಿನಗಳಲ್ಲಿ ಬೆಳಿಗ್ಗೆ ಹಲ್ಲುಜ್ಜುವಾಗ ನನ್ನ ದೀಕ್ಷಾಸ್ನಾನದ ಹೆಸರನ್ನು ನಾನೇ ಒಂದು ಸಲ ಮೆಲ್ಲಗೆ ಹೇಳಿಕೊಳ್ಳುತ್ತೇನೆ. ಹೆಂಡತಿ ಕೇಳಿಸಿಕೊಂಡರೆ ನಗುತ್ತಾಳೆ.

ಆ ಎಂಟು ಚೀಲದ ಮುದುಕ ಮಾತ್ರ 31ರಲ್ಲಿ ಇಲ್ಲ. ಅವನು ನನ್ನ ಹೆಸರು ಕೇಳಿದ. ನಾನು ಅವನ ಹೆಸರು ಕೇಳಿರಲಿಲ್ಲ. ಆ ದಿನದ ಗದ್ದಲದಲ್ಲಿ ಡೈರಿಯಲ್ಲಿ ಬರೆದದ್ದು '8 ಚೀಲ, ಮುದುಕ' ಅಂತ ಅಷ್ಟೇ. ಪ್ರತಿ ಜನವರಿ ಒಂದೆರಡು ದಿನ ರಜೆ ಹಾಕಿ ಗಂಜಿಗೆ ಹೋಗಿ ಚೀಲಗಳ ಸಾಲಿನ ನಡುವೆ ತಿರುಗಾಡುತ್ತೇನೆ. ಸುತಳಿಯಿಂದ ಬಿಗಿಯಾಗಿ ಹೊಲಿದ ಚೀಲ ಕಂಡರೆ ನಿಂತು, ಪಕ್ಕದಲ್ಲಿ ಕೂತವರ ಮುಖ ನೋಡುತ್ತೇನೆ. ಡೈರಿಯ ಆ ಪುಟದಲ್ಲಿ ಒಂದು ಲಕೋಟೆ ಇದೆ. 5 ಕಿಲೋ 200 ಗ್ರಾಂ, ಅದರ ಮೇಲೆ ಐದನೇ ಒಂದು ಪಾಲು. ರೇಟು ಏರಿದ ಹಾಗೆ ಲಕೋಟೆಯಲ್ಲಿ ಒಂದಿಷ್ಟು ನೋಟು ಸೇರಿಸುತ್ತಾ ಬಂದಿದ್ದೇನೆ. ಮೇಲೆ ನನ್ನ ಹೆಸರು ಬರೆದಿದ್ದೇನೆ, ಓದಲು ಬರುವ ಹಾಗೆ.